ಹೊರಗೆ ನಿಲ್ಲಿಸಿ

ಟುವೂಂಬಾದಲ್ಲಿ ಜುಲೈ ಬೆಳಗು ಅಂದರೆ ಮಂಜು.
ಗ್ಯಾರೇಜಿನ ಶಟರು ಅರ್ಧ ಎತ್ತಿ ಬಗ್ಗಿ ಒಳಹೊಗುತ್ತೇನೆ.
ನನ್ನದು ಸ್ಪ್ಯಾನರ್ ಹಿಡಿಯುವ ಕೆಲಸವಲ್ಲ,
ಗಾಡಿಯ ನೋವನ್ನು ಜನರ ಬಾಯಿಂದ ಕೇಳಿ
ಹಳದಿ ಚೀಟಿಗೆ ಇಳಿಸುವುದು.

ಎಡಕ್ಕೆ ತಿರುಗಿಸಿದರೆ ಕಟಕಟ ಅನ್ನುತ್ತೆ.
ಚಳಿಗೆ ಕೆಮ್ಮುತ್ತೆ, ಥೇಟು ನನ್ನ ಗಂಡ.
ಏನೂ ಆಗಿಲ್ಲ, ಸುಮ್ಮನೆ ಒಂದು ಸಲ ನೋಡಿ.
ಈ ಕೊನೆಯವರದೇ ಕಷ್ಟ.

ಕಂಪನಿಯ ಹೆಸರನ್ನು ತಲೆಗೊಂದು ಥರ ಕರೆಯುತ್ತಾರೆ:
ಹಯಂಡೇ, ಹುನ್‌ಡೇ, ಹಿಯುಂಡಾಯ್.
ನನ್ನ ಬಾಯಿಗೆ ಮಾತ್ರ ಮೊದಲ ದಿನದಿಂದ ಹುಂಡಿ,
ಹಾಕಿದ್ದನ್ನು ಎಣಿಸದೆ ಕೈಮುಗಿದು ಬರುವಂಥದ್ದು.
ಬಿಡಿಭಾಗದ ಕೋಣೆಯಿಂದ ತಲೆ ಹಾಕಿ ಸಂಗ್‌ಮಿನ್ ತಿದ್ದಿದ:
'ನಮ್ಮ ಭಾಷೆಯಲ್ಲಿ ಅದಕ್ಕೆ ಆಧುನಿಕ ಅಂತ ಅರ್ಥ, ಅಷ್ಟೇ.'

ಅವನ ಸೋದರಮಾವ ಉಲ್ಸಾನಿನಲ್ಲಿ
ಮೂವತ್ತು ವರ್ಷ ಎಡಬಾಗಿಲು ಕೂರಿಸಿದವ. ಬಲಬಾಗಿಲು ಗೊತ್ತಿಲ್ಲ.
ಮೊದಲ ಕಾರಿಗೆ ತಟ್ಟುಗುದುರೆಯ ಹೆಸರಿಟ್ಟರಂತೆ, ಪೋನಿ.
ಇಂಜಿನ್ ಜಪಾನಿನದು, ಮೈಯ ಗೆರೆ ಇಟಲಿಯದು,
ಕಲಿಸಲು ಇಂಗ್ಲೆಂಡಿನಿಂದ ಮೇಷ್ಟ್ರುಗಳು.
'ನಮ್ಮದು ಅಂತ ಅದರಲ್ಲಿ ಇದ್ದದ್ದು
ಅವಸರ ಒಂದೇ' ಅನ್ನುತ್ತಿದ್ದನಂತೆ ಮಾವ.

ನೊಯೆಲೀನ್ ಕ್ರೂಗರಳ ಎಕ್ಸೆಲ್ ತೊಂಬತ್ತಾರರದ್ದು.
ಬಾನೆಟ್ಟಿನ ಕೆಂಪು ಬಣ್ಣ ಹಪ್ಪಳದ ಹಾಗೆ ಎದ್ದಿದೆ.
ಗಂಡನನ್ನು ಬಿಟ್ಟ ವಾರವೇ ಕೊಂಡಳು,
ಹದಿನಾಲ್ಕು ಸಾವಿರಕ್ಕೆ ಹತ್ತು ಡಾಲರ್ ಕಮ್ಮಿ, ನೋಂದಣಿ ಸೇರಿ.
'ಅಣ್ಣ ನಕ್ಕ. ಡಬ್ಬ ಅಂದ. ಎರಡು ಚಳಿಗಾಲ ಬಾಳಲ್ಲ ಅಂದ.
ಅವನ ಹೋಲ್ಡನ್ನಿನ ಕಾರ್ಖಾನೆಯೇ ಮುಚ್ಚಿಹೋಯಿತು.
ಇದು ಇನ್ನೂ ಘಟ್ಟ ಹತ್ತುತ್ತೆ.'
ಹತ್ತಿಸುವ ಬಗೆ ಅವಳೊಬ್ಬಳಿಗೇ ಗೊತ್ತು:
ಜನವರಿಯ ಧಗೆಯಲ್ಲಿ, ಇಂಜಿನ್ ಕುದಿಯದಿರಲೆಂದು
ಹೀಟರ್ ಪೂರ್ತಿ ತಿರುಗಿಸಿ, ನಾಲ್ಕೂ ಗಾಜು ಇಳಿಸಿ,
ಕೆಂಡದ ಮೇಲೆ ಕೂತವಳಂತೆ ಬೆವರುತ್ತ, ಹಾಡುತ್ತ.
ಓಡೋಮೀಟರ್ ಮೂರು ಲಕ್ಷದ ಹನ್ನೆರಡು ಸಾವಿರದಲ್ಲಿದೆ.
ಅದು ಅಲ್ಲೇ ನಿಂತು ಎಷ್ಟು ವರ್ಷವಾಯಿತೋ.

ಬೇಸಿಗೆ ಕಳೆಯುವಷ್ಟರಲ್ಲಿ ಕಾಗದ ಬಂತು.
ದೊಡ್ಡ ಗಾಡಿಗಳಲ್ಲಿ ಕೆಲವಕ್ಕೆ, ಬ್ರೇಕಿನ ಹತ್ತಿರ ಒಂದು ಸರ್ಕಿಟ್ಟು,
ನಿಲ್ಲಿಸಿಟ್ಟಾಗಲೂ ಹೊತ್ತಿಕೊಳ್ಳಬಹುದು.
ನಲವತ್ತೊಂದು ಮನೆಗೆ ಫೋನು ಮಾಡಿ ಓದಿ ಹೇಳಿದೆ:
ಹೊರಗೆ ನಿಲ್ಲಿಸಿ. ಮನೆಯಿಂದ ದೂರ. ಯಾವುದಕ್ಕೂ ತಾಗದಂತೆ.
ಹದಿನೈದನೆಯ ಫೋನಿನ ಹೊತ್ತಿಗೆ
ಆ ದನಿ ಯಾರದ್ದೆಂದು ಗುರುತು ಸಿಕ್ಕಿತು.
ಅಮ್ಮ ಹೊರಗಾದ ಮೂರು ದಿನ
ಮನೆಯ ಹಿರಿಯರು ಇದನ್ನೇ ಹೇಳುತ್ತಿದ್ದರು,
ಇಷ್ಟೇ ವಿನಯದಿಂದ.

ಅಡುತ್ ಮಜೋಕ್ ಇರುವುದು ಕಂಬಗಳ ಮೇಲೆ ನಿಂತ ಮರದ ಮನೆಯಲ್ಲಿ.
ಕಾರು ಮನೆಯಡಿ, ಅದರ ನೆತ್ತಿಯ ಮೇಲೆ ಮಕ್ಕಳ ಹಾಸಿಗೆ.
ವೃದ್ಧಾಶ್ರಮದ ರಾತ್ರಿಪಾಳಿಗೆ ಅದೊಂದೇ ಗಾಡಿ,
ಸಾಲದ ಕಂತು ಇನ್ನೂ ಮೂರು ವರ್ಷ.
'ಒಳ್ಳೆಯ ಗಾಡಿ ಅದು' ಅಂದಳು, ಯಾರೋ ಬೈದರೆಂಬಂತೆ.
'ಬೀದಿಯಲ್ಲಿ ಬಿಟ್ಟು ಬಂದೆ. ರಾತ್ರಿ ನಾಲ್ಕು ಸಲ ಎದ್ದು ನೋಡಿದೆ.
ಹೊಗೆ ಬಂತಾ ಅಂತ ಎರಡು ಸಲ.
ಇದೆಯಾ ಅಂತ ಎರಡು ಸಲ.'

ರಿಪೇರಿಗೆ ಹಿಡಿದದ್ದು ಒಂದು ಲೋಟ ಚಹಾದ ಹೊತ್ತು.
ಅದಕ್ಕೆ ಕಾದದ್ದು ಒಂಬತ್ತು ವಾರ.

ಮೊನ್ನೆ ನೊಯೆಲೀನ್ ಕೌಂಟರಿಗೆ ಮೊಣಕೈ ಊರಿ ಕೇಳಿದಳು,
'ಎಲ್ಲರಿಗೂ ಕಾಗದ ಬಂದಿದೆಯಂತೆ. ನನಗ್ಯಾಕಿಲ್ಲ?'
ದನಿಯಲ್ಲಿ ಮದುವೆಗೆ ಕರೆಯದವರ ಬಿಗುಮಾನ.
ನಿಮ್ಮದರಲ್ಲಿ ಆ ಸರ್ಕಿಟ್ಟೇ ಇಲ್ಲ, ನೊಯೆಲೀನ್, ಅಂದೆ.
ಅದು ಅಷ್ಟು ಆಧುನಿಕ ಅಲ್ಲ.
ಒಳಕೋಣೆಯಲ್ಲಿ ಸಂಗ್‌ಮಿನ್ ನಕ್ಕದ್ದು ಕೇಳಿಸಿತು.
ಅವಳು ನಗಲಿಲ್ಲ. ಕೀಲಿಕೈ ಎತ್ತಿಕೊಂಡು ಮಂಜಿಗೆ ಇಳಿದಳು.
ಮೂರನೆಯ ಸಲಕ್ಕೆ ಸ್ಟಾರ್ಟ್ ಆಯಿತು.