ತೇಲುಮರದ ಹಕ್ಕು

ಮುತ್ತಜ್ಜಿಯ ಕಾಲದ ಚರ್ಮದ ಹಾಳೆಯಲ್ಲಿ ಬರೆದಿದೆ:
ಸೀಲುಬಂಡೆಯಿಂದ ಕುಂಟಹಳ್ಳದವರೆಗೆ
ಕಡಲು ತಂದದ್ದೆಲ್ಲ ಈ ಮನೆಯವರದ್ದು.

ಆಗ ಮರ ಬರುತ್ತಿತ್ತು, ಸೈಬೀರಿಯಾದ ಹೊಳೆಗಳಿಂದ,
ವರ್ಷಗಟ್ಟಲೆ ಮಂಜುಗಡ್ಡೆಯ ಮೇಲೆ ಕೂತು,
ತೊಗಟೆ ಕಳಚಿ, ಉಪ್ಪುಂಡು.
ಮರವೇ ಏಳದ ಐಸ್‌ಲ್ಯಾಂಡಿನ ಈ ಬಡಗಣ ಕೊನೆಯಲ್ಲಿ
ನಮ್ಮ ತೊಲೆ, ತೊಟ್ಟಿಲು, ಶವಪೆಟ್ಟಿಗೆ ಎಲ್ಲ ಅದೇ.
ಅಪ್ಪ ಇಂಗಿಮುಂಡುರ್ ಕೊಡಲಿಯಲ್ಲಿ ಮೂರು ಗೀರು ಹಾಕಿದರೆ
ಪಾದ್ರಿಯೂ ಮುಟ್ಟುತ್ತಿರಲಿಲ್ಲ.

ಈಗಲೂ ಬರುತ್ತದೆ ಮರ, ಅಪರೂಪಕ್ಕೆ.
ಉಳಿದದ್ದರ ಲೆಕ್ಕ ಇಟ್ಟಿದ್ದೇನೆ, ವಾರಸುದಾರಳು ನಾನೇ ತಾನೆ:
ಬಲೆಯ ತುಂಡು ನಾಲ್ಕು ಟ್ರ್ಯಾಕ್ಟರ್ ಹೇರು,
ರಷ್ಯನ್ ಅಕ್ಷರದ ಸೋಪಿನ ಡಬ್ಬಿ,
ಎಡಗಾಲಿನ ರಬ್ಬರ್ ಬೂಟು ಹನ್ನೊಂದು.
ಬಲಗಾಲಿನವು ಯಾರ ದಡಕ್ಕೆ ಹೋದವೋ.

ಜಿಲ್ಲಾ ಕಚೇರಿಗೆ ಫೋನು ಮಾಡಿದೆ.
"ಕಾಗದದ ಪ್ರಕಾರ ಅದು ನಿನ್ನದೇ, ಸಾಲ್ವೋರ್,"
ಅಂದ ಹುಡುಗ, ನಗುತ್ತ.

ಮೇ ತಿಂಗಳಲ್ಲಿ ಕಡಲಬಾತು ಬಂದಳು.
ಎದೆಯ ತುಪ್ಪುಳ ತಾನೇ ಕಿತ್ತು ಗೂಡಿಗೆ ಹಾಸುವವಳು.
ಒಂದು ಹಿಡಿ ತೆಗೆದು, ಒಣಹುಲ್ಲು ತುಂಬಿ ಬರುವುದು
ನಮ್ಮಿಬ್ಬರ ಹಳೆಯ ವಾಡಿಕೆ.
ಈ ಸಲ ತುಪ್ಪುಳದೊಳಗೆ ನೀಲಿ ನೈಲಾನ್ ಎಳೆ,
ಎಷ್ಟು ಅಚ್ಚುಕಟ್ಟಾಗಿ ಸುತ್ತಿದ್ದಳು!
ಬಿಡಿಸಹೋದೆ.
ಮೊಟ್ಟೆ ಬಿಸಿಯಿತ್ತು. ಕೈ ಹಿಂದೆಗೆದೆ.

ಕತ್ತಲಾಗದ ಆ ರಾತ್ರಿ ಅಪ್ಪನ ಕೊಡಲಿ ಹಿಡಿದು ಇಳಿದೆ.
ಸಿಕ್ಕಿದ್ದೊಂದು ಹಳದಿ ಮೀನುಪೆಟ್ಟಿಗೆಗೆ
ಮೂರು ಗೀರು ಹೊಡೆದೆ.
ಮರದ ಸದ್ದು ಬರಲಿಲ್ಲ, ಪುಡಿ ಹಾರಿತು.
ಯಾರಾದರೂ ಕೇಳಿಕೊಂಡು ಬಂದರೆ,
ಹೌದು, ನಮ್ಮದೇ.