ಭಾನುವಾರ ಬಿಟ್ಟು

ಪ್ವೆಬ್ಲೊ ಊರಿನ ಶಾಲೆ, ನನ್ನದು ಮೂರನೆಯ ಪಿರಿಯಡ್.
ಕಿಟಕಿಯಾಚೆ ಉಕ್ಕಿನ ಕಾರ್ಖಾನೆಯ ತಣ್ಣಗಾದ ಹೊಗೆಗೂಡು,
ಒಳಗೆ ಇಪ್ಪತ್ತಾರು ಮಕ್ಕಳು, ಇಪ್ಪತ್ನಾಲ್ಕು ಪುಸ್ತಿಕೆ,
ಅಂಗೈಯಗಲದ ಸಂವಿಧಾನ.
ಯಾವನೋ ಹಳೆಯ ವಿದ್ಯಾರ್ಥಿ ಅಂಚಿನಲ್ಲಿ ಬಿಡಿಸಿಟ್ಟ
ಹಲ್ಲಿಯೊಂದು ಪುಟದಿಂದ ಪುಟಕ್ಕೆ ಹರಿಯುತ್ತದೆ.

ಮೊದಲ ಪದಕ್ಕೇ ಎಡವುತ್ತೇನೆ, ಪ್ರತಿವರ್ಷ.
'ನಾವು' ಎನ್ನುತ್ತದೆ ಅದು.
ಮನೆಯಲ್ಲಿ ತುಳು ಆಡಿ ಬೆಳೆದವಳು ನಾನು,
ಅಲ್ಲಿ ಎರಡು ಬಗೆಯ ನಾವು:
'ನಮ' ಎಂದರೆ ನೀನೂ ಸೇರಿ,
'ಎಂಕುಲು' ಎಂದರೆ ನಿನ್ನನ್ನು ಬಿಟ್ಟು.
ಬಾಗಿಲಲ್ಲಿ ನಿಂತ ನೆಂಟನಿಗೆ ಆ ಒಂದೇ ಮಾತಿನಲ್ಲಿ ಗೊತ್ತಾಗುತ್ತಿತ್ತು
ಎಲೆಯ ಮುಂದೆ ಕೂರಬೇಕೋ, ಚಪ್ಪಲಿ ಮೆಟ್ಟಬೇಕೋ.
ಇಂಗ್ಲಿಷಿಗೆ ಆ ಪೇಚಿಲ್ಲ. ಕನ್ನಡಕ್ಕೂ ಇಲ್ಲ.
ಹಸಿರು ಕಾರ್ಡಿನವಳು ನಾನು, ಮತವಿಲ್ಲದವಳು,
ಆ ಪದವನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದು
ಬೇಗ ಮುಂದಿನ ಸಾಲಿಗೆ ದಾಟುತ್ತೇನೆ.

ಇವತ್ತು ಅಧ್ಯಕ್ಷರ ಅಧಿಕಾರ.
ಮಸೂದೆ ಮೇಜಿಗೆ ಬಂದರೆ ಸಹಿಗೆ ಹತ್ತು ದಿನ, ಭಾನುವಾರ ಬಿಟ್ಟು.
'ಯಾಕೆ, ಭಾನುವಾರ ಪೆನ್ನು ಮುಟ್ಟಲ್ವಾ ಅವ್ರು?'
ಮಿಲೇನಾ ಕೇಳಿದಳು. ತರಗತಿ ನಕ್ಕಿತು, ನಾನೂ.
ಸೇನೆ, ಒಪ್ಪಂದ, ನ್ಯಾಯಾಧೀಶರ ನೇಮಕ,
ಒಂದೊಂದಕ್ಕೂ ಪಕ್ಕದಲ್ಲಿ ಮೂಗುದಾರ ಎಳೆದೆ ಕೆಂಪು ಬಣ್ಣದಲ್ಲಿ.
ಕ್ಷಮಾದಾನದ ಮುಂದೆ ಮಾತ್ರ
ಬರೆಯಲು ಹೆಚ್ಚೇನೂ ಸಿಗಲಿಲ್ಲ.

ಆಗ ರೊಸೆಂದೊ, ಹಿಂದಿನ ಬೆಂಚಿನಿಂದ:
'ಯಾರನ್ನ ಬೇಕಾದ್ರೂ ಬಿಡಿಸಬಹುದಾ ಮಿಸ್?'
ಅವನಣ್ಣ ಹಸಿಂತೊ ಇರುವುದು ಕ್ಯಾನನ್ ಸಿಟಿಯ ಜೈಲಿನಲ್ಲಿ.
ಎಲ್ಲರಿಗೂ ಗೊತ್ತು, ಅದಕ್ಕೇ ಯಾರೂ ತಿರುಗಿ ನೋಡಲಿಲ್ಲ.

ಪಡುವಣಕ್ಕೆ ಒಂದು ಗಂಟೆಯ ದಾರಿ.
ಫ್ಲಾರೆನ್ಸಿನಲ್ಲೊಂದು ಸೆರೆಮನೆ, ಕ್ಯಾನನ್ ಸಿಟಿಯಲ್ಲಿ ಇನ್ನೊಂದು,
ನಡುವೆ ಹತ್ತು ಮೈಲಿ, ಎರಡು ಪೆಟ್ರೋಲ್ ಬಂಕು, ಯಾರದೋ ಕುದುರೆಗಳು.
ಅದು ಒಕ್ಕೂಟದ್ದು. ಇದು ರಾಜ್ಯದ್ದು.
ಅಧ್ಯಕ್ಷರ ಕ್ಷಮೆ ಅಲ್ಲಿಯ ಬೀಗಕ್ಕೆ ಹೊಂದುತ್ತದೆ,
ಇಲ್ಲಿಯದಕ್ಕಲ್ಲ.
ಅಣುಬಾಂಬಿಗೆ ಅಪ್ಪಣೆ ಕೊಡಬಲ್ಲ ಕೈ
ನಿನ್ನ ಅಣ್ಣನ ಕೋಣೆಯ ಚಿಲಕಕ್ಕೆ ಎಟುಕುವುದಿಲ್ಲ ರೊಸೆಂದೊ.
ಅಧಿಕಾರ ಹಂಚಿಕೆಯ ಬಗ್ಗೆ ಪಠ್ಯದಲ್ಲಿ ಇಡೀ ಅಧ್ಯಾಯವಿದೆ.
ನನಗೆ ಹತ್ತು ಮೈಲಿ ಸಾಕಾಯಿತು.

'ಮತ್ತೆ ಯಾರು?'
'ಗವರ್ನರ್.'
'ನಾನು ಬರೀಬಹುದಾ ಅವ್ರಿಗೆ?'

ಪುಟ ತಿರುವಿದೆ. ಮೊದಲ ತಿದ್ದುಪಡಿ.
ಮಾತು, ಧರ್ಮ, ಪತ್ರಿಕೆ, ಸಭೆ, ಇವು ಎಲ್ಲರ ಬಾಯಲ್ಲೂ ಇವೆ.
ಬಾಲದಲ್ಲಿರುವುದನ್ನು ಪರೀಕ್ಷೆಯಲ್ಲಿ ಎಲ್ಲರೂ ಮರೆಯುತ್ತಾರೆ:
ಅಹವಾಲು ಹೇಳಿಕೊಳ್ಳುವ ಹಕ್ಕು.

ನನ್ನ ದೊಡ್ಡಪ್ಪ ಬಂಟ್ವಾಳದ ತಾಲೂಕು ಕಚೇರಿಯ ಜಗಲಿಯಲ್ಲಿ ಕೂತು
ಎಂಟಾಣೆಗೊಂದು ಅರ್ಜಿ ಬರೆಯುತ್ತಿದ್ದರು.
'ಮಹಾಸ್ವಾಮಿಗಳ ಸನ್ನಿಧಾನಕ್ಕೆ' ಎಂದು ಶುರು,
'ತಮ್ಮ ವಿಧೇಯ' ಎಂದು ಕೊನೆ,
ನಡುವೆ ಎಲ್ಲೋ ಸಿಕ್ಕಿಕೊಂಡ ಒಬ್ಬಳ ವಿಧವಾ ವೇತನ.
ರೊಸೆಂದೊನ ಕಾಗದದಲ್ಲಿ ಸ್ವಾಮಿಯೂ ಇಲ್ಲ, ವಿಧೇಯನೂ ಇಲ್ಲ.
ಊಟದ ಬಿಡುವಿನಲ್ಲಿ ತಂದ, ಗೆರೆಹಾಳೆ, ಪೆನ್ಸಿಲ್ ಬರಹ,
ಎರಡು ಕಡೆ ರಬ್ಬರ್ ಉಜ್ಜಿ ತೂತು.
ಸ್ಪೆಲ್ಲಿಂಗ್ ಹನ್ನೊಂದು ಕಡೆ ತಿದ್ದಿದೆ.
ಬರೆದವನು ಒಬ್ಬನೇ, ಶುರು ಮಾತ್ರ 'ನಾವು' ಎಂದಿತ್ತು.
ಅದನ್ನು ಮುಟ್ಟಲಿಲ್ಲ.
ಯಾವ ನಾವು ಎಂದೂ ಕೇಳಲಿಲ್ಲ.

'ಉತ್ತರಕ್ಕೆ ಎಷ್ಟು ದಿನ ಮಿಸ್?'
ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ ಮಗೂ.

ಚೀಲದಿಂದ ಕ್ಯಾಲೆಂಡರ್ ತೆಗೆದು ಗೀಟು ಹಾಕತೊಡಗಿದ,
ಭಾನುವಾರವೂ ಸೇರಿ.
ಅಣ್ಣನನ್ನು ನೋಡಲು ಬಿಡುವುದು ಅವತ್ತೇ.