ಹಸು ಮಲಗಿದ್ದ ಜಾಗ

ಕುಂಬೋ, ನಿನಗೆ ನೆನಪಿದೆಯಾ ಆ ಎಂಟನೆಯ ರಾತ್ರಿ?
ಏಳು ರಾತ್ರಿಗೆ ಮಾತಾಗಿತ್ತು ಗಂಡಸರ ನಡುವೆ:
ನಿನ್ನವರ ಮಂದೆ ನಮ್ಮವರ ಹೊಲದಲ್ಲಿ ತಂಗುವುದು,
ರಾತ್ರಿಗೆ ಎರಡು ಕಟ್ಟು ಸಜ್ಜೆ, ಕೊನೆಗೆ ಬಿಲ್ಮಾದ ಉಪ್ಪಿನ ಒಂದು ಅಚ್ಚು.
ಊರಾಚೆಯ ನನ್ನ ತುಂಡು ನೆಲದ ಸುದ್ದಿ
ಯಾರ ಬಾಯಲ್ಲೂ ಬರಲಿಲ್ಲ.
ಹೆಂಗಸಿನ ನೆಲ, ಬರೀ ಮರಳು;
ಬಿತ್ತಿದ್ದು ಮೊಣಕಾಲಿನವರೆಗೆ ಬಂದು ನಿಲ್ಲುತ್ತಿತ್ತು,
ಕರೆಯದ ಮನೆಯ ಬಾಗಿಲಲ್ಲಿ ನಿಂತವರ ಹಾಗೆ.

ನೀನು ಹಾಲಿನ ಬುರುಡೆ ಹೊತ್ತು ಬಂದೆ.
ನಾನು ತೌಡು ಅಳೆದೆ, ಒಂದು ಬೊಗಸೆ ಹೆಚ್ಚಿಗೆ ಸುರಿದೆ,
ಮತ್ತೊಂದು ಸುರಿದೆ.
"ಏನು ಬೇಕು ಹೇಳು, ದೇಲು" ಅಂದೆ ನೀನು, ನಗದೆ.
"ಒಂದು ರಾತ್ರಿ."

ಕರು ಕಟ್ಟುವ ಹಗ್ಗ ಎಲ್ಲಿಯೋ ತಾಯಂದಿರು ಅಲ್ಲಿ.
ಇದು ನಿನ್ನ ಗಂಡನಿಗೂ ಗೊತ್ತಿತ್ತು,
ಆದರೆ ಹಗ್ಗ ಹಿಡಿಯುವವಳು ನೀನು.

ನಾನು ಆ ರಾತ್ರಿ ಮಲಗಲಿಲ್ಲ.
ಊರೆಲ್ಲ ಒಣಗುವಾಗ ಚಿಗುರುವ ಗಾವೊ ಮರದ ಬುಡದಲ್ಲಿ ಕೂತು ಕೇಳಿಸಿಕೊಂಡೆ:
ಮೆಲುಕು, ನಿಟ್ಟುಸಿರು, ಪಚ್ ಎಂದು ಬೀಳುವ ಸಗಣಿ,
ಬಿಸಿ ಗಂಜಲ ಮರಳಿಗೆ ಇಳಿಯುವುದು.
ಮರಾದಿ ಸಂತೆಯಲ್ಲಿ ನೋಟು ಎಣಿಸುವವನೂ
ಅಷ್ಟು ಹಿತವಾದ ಸದ್ದು ಕೇಳಿರಲಾರ.
ಯಾರ ಯಾರದೋ ಹುಲ್ಲು, ಯಾವ ಯಾವುದೋ ಹಳ್ಳದ ದಂಡೆ,
ಎಲ್ಲ ಹೊಟ್ಟೆಯಲ್ಲಿ ಹೊತ್ತು ತಂದು
ನನ್ನಲ್ಲಿ ಇಳಿಸಿದವು.

ಬೆಳಗಾಗುವ ಮೊದಲೇ ಸಗಣಿಹುಳುಗಳು ಕೆಲಸಕ್ಕೆ ಬಂದಿದ್ದವು.
ಆಮೇಲೆ ಗೆದ್ದಲು. ಆಮೇಲೆ ಉತ್ತರದ ದೂಳುಗಾಳಿ.
ಆಮೇಲೆ ಆರೇಳು ತಿಂಗಳು ಏನೂ ಇಲ್ಲ.
ಉಳಿದದ್ದು ಒಣಗಿ ಬಿಳುಚಿತು. ಅತ್ತೆ ಒಲೆಗೆ ಕೇಳಿದರು,
ಕೊಡಲಿಲ್ಲ; ಬೈಸಿಕೊಂಡೆ.

ಮಳೆ ಬಿದ್ದ ಮೂರನೆಯ ವಾರ ನೀನು ನೋಡಬೇಕಿತ್ತು.
ಎಲ್ಲ ಕಡೆ ಹಸಿರಲ್ಲ. ಹಾಗೇನಿಲ್ಲ.
ಹಸು ಮಲಗಿದ್ದಲ್ಲಿ ಮಾತ್ರ, ದುಂಡಗೆ,
ಕಪ್ಪು ಅನ್ನಿಸುವಷ್ಟು ಹಸಿರು. ನಡುವೆ ಅದೇ ಬಡಕಲು ಹಳದಿ.
ಎಣಿಸಿದೆ: ಇಪ್ಪತ್ತೆರಡು.
ಹಗ್ಗದುದ್ದಕ್ಕೆ ಸಣ್ಣ ಸಣ್ಣವು, ಕರುಗಳದ್ದು.
ದೂರಕ್ಕೆ ಒಂದೇ ಒಂದು: ಮುರುಕು ಕೊಂಬಿನ ಕೆಂದಿ,
ಯಾರನ್ನೂ ಹತ್ತಿರ ಸೇರಿಸದವಳು.

ಈ ಸಲ ನೀನು ಬಂದು ಹೇಳಿದೆ, ಕೆಂದಿ ಹೋದಳು,
ದಾರಿಯಲ್ಲಿ, ಬಾವಿಗೆ ಇನ್ನೊಂದು ದಿನದ ನಡಿಗೆ ಇರುವಾಗ.
ನಾನು ಏನೂ ಅನ್ನಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋದೆ.
ಉಳಿದದ್ದೆಲ್ಲ ಕೊಯ್ದಾಗಿತ್ತು,
ಆ ಒಂದು ದುಂಡು ಬಿಟ್ಟಿದ್ದೆ, ನಿನಗೆ ತೋರಿಸಬೇಕೆಂದು.
ಸಜ್ಜೆ ನಮ್ಮಿಬ್ಬರ ತಲೆ ಮೀರಿತ್ತು ಅಲ್ಲಿ.
ನೀನು ಒಳಗೆ ಹೋದೆ, ಕೂತೆ,
ಹೊರಗಿನಿಂದ ಕಾಣದ ಹಾಗೆ.
ತೆನೆ ಸ್ವಲ್ಪ ಹೊತ್ತು ಅಲ್ಲಾಡಿತು.

ಆಮೇಲೆ ಒಳಗಿನಿಂದಲೇ, ಮೂಗು ಒರೆಸಿಕೊಳ್ಳುತ್ತ, ಕೇಳಿದೆ:
"ಈ ವರ್ಷ ಎಷ್ಟು ರಾತ್ರಿ?"